ಗುಡ್ಡಕ್ಕೆ ಕಚ್ಚಾ ಹೊಲಿಗೆ

ನವೆಂಬರ್ 4, ಸೋಮವಾರ

ಮನೆಯವರೆಲ್ಲ ಸೇರಿ ನನ್ನನ್ನು ಕುರ್ಚಿಯಲ್ಲಿ ಕೂರಿಸಲು ತೀರ್ಮಾನ ಮಾಡಿದ್ದಾರೆ.

ಹೋದ ವಾರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಕಣ್ಣು ಕತ್ತಲೆ ಬಂದು ಮೇಜಿನ ಪಕ್ಕ ಕುಸಿದದ್ದು ನಿಜ. ಆಗಲೂ ಕತ್ತರಿ ಕೈಯಲ್ಲೇ ಇತ್ತು, ಬಟ್ಟೆಯ ಒಂದು ಎಳೆಯೂ ಹಾಳಾಗಲಿಲ್ಲ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಡಾಕ್ಟರು ರಕ್ತದೊತ್ತಡದ ಮಾತ್ರೆ ಬದಲಾಯಿಸಿ, ಹೆದರುವಂಥದ್ದೇನಿಲ್ಲ, ಚೆನ್ನಾಗಿ ನಡೆದಾಡಿ ಎಂದರು. ನಡೆದಾಡಿ ಎಂದರೆ ಕುಳಿತುಕೋ ಎಂದು ನನ್ನ ಮಗ ಯಾವ ಶಾಲೆಯಲ್ಲಿ ಕಲಿತನೋ ಕಾಣೆ.

ರಾತ್ರಿ ಊಟಕ್ಕೆ ಕುಳಿತಾಗ ಮಾತು ತೆಗೆದ. ಡಿಸೆಂಬರ್ ಮೊದಲ ವಾರದಿಂದ ಹೊರಗಿನ ಕಟಿಂಗ್ ಮಾಸ್ಟರ್ ಒಬ್ಬನನ್ನು ಇಟ್ಟುಕೊಳ್ಳುವುದಂತೆ. ನಾನು ಬಾಗಿಲ ಬಳಿ ಕುಳಿತು ಗಿರಾಕಿಗಳ ಜೊತೆ ಮಾತಾಡಿಕೊಂಡಿದ್ದರೆ ಸಾಕಂತೆ. ಈ ಊರಿನ ಶಾಲೆಯ ಮಕ್ಕಳು, ಆಸ್ಪತ್ರೆಯ ದಾದಿಯರು, ಬಸ್ಸಿನ ಕಂಡಕ್ಟರುಗಳು ಮೈಮೇಲೆ ಹಾಕಿಕೊಂಡಿರುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ನನ್ನ ಕತ್ತರಿ ದಾಟಿ ಬಂದದ್ದು. ನಾನು ಮಾತಾಡಿಕೊಂಡಿರಬೇಕು! ಸೊಸೆ ತಟ್ಟೆ ನೋಡುತ್ತಾ ಕುಳಿತಿದ್ದಳು. ಅವಳು ಬಾಯಿ ಬಿಡುವುದು ಅಪರೂಪ.

ನಾನು ಕಿಟಕಿಯ ಕಡೆ ಕೈ ತೋರಿಸಿ ಹೇಳಿದೆ: "ಆ ಗುಡ್ಡದ ತುದಿಗೆ ಹತ್ತಿ, ನನ್ನ ಕಾಲ ಮೇಲೇ ಇಳಿದು ಬರ್ತೀನಿ. ಬಂದ್ರೆ ಈ ವಿಷಯ ಮತ್ತೆ ಯಾರೂ ಎತ್ತಬಾರದು. ಈ ತಿಂಗಳೊಳಗೆ ಆಗಲಿಲ್ಲ ಅಂದ್ರೆ ನೀನು ಹೇಳಿದ ಕುರ್ಚೀಲಿ ಕೂತ್ಕೋತೀನಿ."

ಮಗ ಒಪ್ಪಿದ. ಒಬ್ಬಳೇ ಹೋಗಕೂಡದು ಎಂದ. ನಮ್ಮ ಯಜಮಾನರು, ಗುಡ್ಡಕ್ಕೆ ಯಾರಾದರೂ ಮೊದಲೇ ತಿಳಿಸಿಬಿಡಿ, ಪಾಪ, ಎಂದು ಕೈ ತೊಳೆಯಲು ಎದ್ದರು.

ಜೊತೆಗೆ ಮೂವರನ್ನು ಕರೆದಿದ್ದೇನೆ. ಒಬ್ಬಳು ಟೀಚರ್. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ಅವಳು ಕಾಲೇಜಿಗೆ ಹೋದಳು, ನಾನು ಹೊಲಿಗೆ ಯಂತ್ರದ ಮುಂದೆ ಕುಳಿತೆ. ನಿವೃತ್ತಿಯಾಗುವವರೆಗೂ ಭೂಗೋಳ ಪಾಠ ಮಾಡಿದಳು. ಇನ್ನೊಬ್ಬಳು ನರ್ಸ್, ನಮಗಿಂತ ಚಿಕ್ಕವಳು. ಮೂರನೆಯವಳು ನಮ್ಮ ಅಂಗಡಿಯ ಎದುರಿನ ಬೇಕರಿಯವಳು. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳಿಸುವ ಗಂಟಲು.

ಜೊತೆಗಿರಲಿ ಎಂದು ಕರೆದದ್ದು ಅಷ್ಟೇ. ಮುಂದೆ ನಡೆಯುವವಳು ನಾನು. ಚಿಕ್ಕಂದಿನಿಂದ ಕಿಟಕಿಯಲ್ಲಿ ಕಾಣುತ್ತಿರುವ ಗುಡ್ಡಕ್ಕೆ ದಾರಿ ಕೇಳುವುದೇನಿದೆ?

ನವೆಂಬರ್ 10, ಭಾನುವಾರ

ಇಂದಿನದು ನನ್ನ ತಪ್ಪಲ್ಲ.

ಬೇಕರಿಯವಳ ಫೋನು ದಾರಿ ಹೇಳುತ್ತದಂತೆ. ಬೇಡ ಎಂದೆ. ಮೂವರೂ ಒಂದಾದರು. ಸರಿ, ನಾನು ಮುಂದೆ, ಫೋನು ಹಿಂದೆ. ಕಾಲೇ ಇಲ್ಲದ ವಸ್ತು ನಡೆಯುವವರಿಗೆ ಬುದ್ಧಿ ಹೇಳುತ್ತಾ ಬಂತು. ಬಲಕ್ಕೆ ತಿರುಗಿ ಎಂದಿತು, ತಿರುಗಿದೆವು. ನೇರ ಹೋಗಿ ಎಂದಿತು, ಹೋದೆವು. ಲಾರಿಗಳು ಓಡಾಡುವ ಅಗಲವಾದ ದಾರಿ. ಗುಡ್ಡಕ್ಕೆ ಇಷ್ಟು ಒಳ್ಳೆಯ ರಸ್ತೆ ಇದೆಯೆಂದು ಗೊತ್ತೇ ಇರಲಿಲ್ಲ ಎಂದು ಟೀಚರ್ ಎರಡು ಸಲ ಹೇಳಿದಳು. ಭೂಗೋಳ ಕಲಿಸಿದವಳು.

ರಸ್ತೆ ಮುಗಿದದ್ದು ಜಲ್ಲಿ ಕ್ವಾರಿಯಲ್ಲಿ. ಕೆಂಪು ಬಾವುಟ ಹಿಡಿದು ಕಾವಲುಗಾರ ಓಡಿಬಂದ, ಕಲ್ಲು ಸಿಡಿಸುವ ಹೊತ್ತು, ಎಲ್ಲಿಗೆ ನುಗ್ಗುತ್ತಿದ್ದೀರಿ ಎಂದು. ಸರಿಯಾಗಿ ಅದೇ ಗಳಿಗೆಗೆ ಫೋನು, ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ ಎಂದಿತು. ನೋಡಿದರೆ ಕ್ವಾರಿಯ ಕಂಪನಿಗೂ ಗುಡ್ಡದ್ದೇ ಹೆಸರು. ಬೇಕರಿಯವಳು ಹೆಸರು ಒತ್ತಿದ್ದಾಳೆ, ಅದು ಕಂಪನಿಯ ಗೇಟಿಗೆ ತಂದು ನಿಲ್ಲಿಸಿದೆ.

"ಅಕ್ಕ, ಅದು ಸುಳ್ಳೇನೂ ಹೇಳಲಿಲ್ಲ ಬಿಡಿ," ಎಂದಳು ಬೇಕರಿಯವಳು.

ನಾನು ಅವಳ ಜೊತೆ ಮಾತು ಬಿಟ್ಟೆ. ಕಲ್ಲಿನ ಪುಡಿಯಲ್ಲಿ ಮಿಂದು, ನಾಲ್ವರೂ ಮೈದಾದ ಮೂಟೆಯಿಂದ ಎದ್ದವರಂತೆ ಊರಿಗೆ ಬಂದೆವು. ಮಗ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಏನೂ ಕೇಳಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟ. ಕೇಳಿದ್ದರೆ ಉತ್ತರ ಕೊಡಬಹುದಿತ್ತು.

ನವೆಂಬರ್ 12, ಮಂಗಳವಾರ

ಕಟಿಂಗ್ ಮಾಸ್ಟರ್ ಅಂಗಡಿ ನೋಡಲು ಬಂದಿದ್ದ. ವಿನಯವಂತನೇ ಇರಬಹುದು. ಬಂದವನೇ ಚಹಾದ ಫ್ಲಾಸ್ಕನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಇಟ್ಟ. ತೆಗೆಯಪ್ಪಾ ಎಂದೆ. ತೆಗೆದ. ಮೇಜಿನ ಮೇಲೆ ಗುಂಡಗೆ ಒದ್ದೆ ಗುರುತು ಉಳಿದಿತ್ತು. ಅವನು ಹೋಗುವವರೆಗೂ ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

ನವೆಂಬರ್ 15, ಶುಕ್ರವಾರ

ಈ ಸಲ ಫೋನಿಲ್ಲ. ನಾನೇ ನಕ್ಷೆ ಮಾಡಿದ್ದೇನೆ.

ಟೀಚರ್ ಹತ್ತಿರ ಮಕ್ಕಳನ್ನು ಚಾರಣಕ್ಕೆ ಕರೆದೊಯ್ಯುತ್ತಿದ್ದ ಕಾಲದ ದೊಡ್ಡ ನಕ್ಷೆಯೊಂದಿದೆ. ಮಡಿಕೆಗಳಲ್ಲಿ ಹರಿದುಹೋಗಿದೆ, ಹೊರಗೆ ಕೊಡುವುದಿಲ್ಲ ಎಂದಳು. ಕೊಡಬೇಡ ಎಂದೆ. ಅವಳ ಮನೆಯ ಊಟದ ಮೇಜಿನ ಮೇಲೆ ಕೆಳಗೆ ನನ್ನ ಬ್ರೌನ್ ಪೇಪರ್, ಮೇಲೆ ಅವಳ ನಕ್ಷೆ. ಅಳತೆಯ ಗುರುತು ಇಳಿಸಿಕೊಳ್ಳುವ ಹಲ್ಲಿನ ಚಕ್ರವನ್ನು ದಾರಿಯ ಉದ್ದಕ್ಕೂ ಉರುಳಿಸಿದೆ. ದಾರಿ, ತೊರೆ, ಬಂಡೆ, ತುದಿಯ ಕಲ್ಲುಕಂಬ, ಎಲ್ಲವೂ ಸಣ್ಣ ತೂತುಗಳಾಗಿ ಕೆಳಗಿನ ಕಾಗದಕ್ಕೆ ಇಳಿದವು. ಕಾಲರಿನ ಬಾಗು ಇಳಿಸುವವಳಿಗೆ ಗುಡ್ಡದ ಬಾಗು ಯಾವ ಮಹಾ. ಅಂಗಡಿಗೆ ತಂದು ನೋಡಿದಾಗ ತೂತುಗಳು ಹಿಂಬದಿಯಲ್ಲಿ ಉಬ್ಬಿ ಹೆಚ್ಚು ಸ್ಪಷ್ಟವಾಗಿದ್ದವು. ಯಾವಾಗಲೂ ಮಾಡುವ ಹಾಗೆ ಅತ್ತಲೇ ಶಾಯಿಯಲ್ಲಿ ಗೆರೆ ಎಳೆದೆ.

ನೋಡಲು ಅಂದವಾಗಿದೆ. ಮಗನಿಗೆ ಕಾಣುವಂತೆ ಗೋಡೆಗೆ ನೇತುಹಾಕಿದ್ದೇನೆ.

ನವೆಂಬರ್ 17, ಭಾನುವಾರ

ಕಾಲು ನೋವು. ಬರೆಯುವುದಿಲ್ಲ.

ನವೆಂಬರ್ 18, ಸೋಮವಾರ

ಬರೆಯದಿದ್ದರೆ ಹೊಟ್ಟೆಯೊಳಗೇ ಉಳಿಯುತ್ತದೆ. ಬರೆದುಬಿಡುತ್ತೇನೆ.

ಗುಡ್ಡದ ಬುಡದಲ್ಲಿ ದಾರಿ ಕವಲೊಡೆಯುತ್ತದೆ. ನನ್ನ ಕಾಗದ ಎಡಕ್ಕೆ ಎಂದಿತು. ಎಡಕ್ಕೆ ಹೋದೆವು. ಬಲಗಡೆ ತೊರೆ ಸಿಗಬೇಕಿತ್ತು, ಸಿಗಲಿಲ್ಲ. ಬೇಸಿಗೆಗೆ ಬತ್ತಿರಬೇಕು ಎಂದೆ. ಇದು ಬೇಸಿಗೆಯಲ್ಲವಲ್ಲಕ್ಕಾ ಎಂದಳು ನರ್ಸ್. ನಾನು ಕೇಳಿಸದವಳಂತೆ ನಡೆದೆ. ಮುಂದೆ ದೊಡ್ಡ ಬಂಡೆ ಸಿಗಬೇಕಿದ್ದ ಕಡೆ ಕೋಳಿ ಫಾರಂ ಸಿಕ್ಕಿತು. ಅಲ್ಲಿನ ನಾಯಿಗಳು ನಮ್ಮನ್ನು ಬೇಲಿಯ ಉದ್ದಕ್ಕೂ ಬೀಳ್ಕೊಟ್ಟವು. ಹತ್ತುತ್ತಿದ್ದೇವೆ ಎಂದುಕೊಂಡ ದಾರಿ ಯಾವಾಗಲೋ ಇಳಿಯತೊಡಗಿತ್ತು. ಟೀಚರ್ ಮಂಡಿ ಹಿಡಿದುಕೊಂಡು ಕುಂಟುತ್ತಿದ್ದಳು. ನನ್ನ ನಕ್ಷೆಯಲ್ಲಿ ತಪ್ಪಿಲ್ಲ, ಟೀಚರ್ ಇಟ್ಟುಕೊಂಡಿರುವ ನಕ್ಷೆಯೇ ಹಳೆಯದು ಎಂದೆ. ಅವಳು ಮಂಡಿ ನೀವಿಕೊಂಡು ಮುಂದೆ ನಡೆದಳು. ಕೊನೆಗೆ ಗುಡ್ಡದ ಬೆನ್ನ ಹಿಂದೆ ಹೆದ್ದಾರಿಯ ಪಕ್ಕ ಹೊರಬಿದ್ದೆವು. ತುದಿ ನಮ್ಮ ತಲೆಯ ಮೇಲೆ, ಮೊದಲಿಗಿಂತ ದೂರದಲ್ಲಿ ಕುಳಿತಿತ್ತು.

ಬಸ್ಸಿಗೆ ಕಾಯುತ್ತಿದ್ದಾಗ ಬೇಕರಿಯವಳು ಬಿಸಿಲಿಗೆ ಅಡ್ಡವಾಗಲೆಂದು ನನ್ನ ನಕ್ಷೆಯನ್ನು ಮುಖದ ಮುಂದೆ ಹಿಡಿದಳು. ಆ ಕಡೆ ಕುಳಿತಿದ್ದ ಟೀಚರಿಗೆ ತೂತುಗಳಲ್ಲಿ ಬೆಳಕು ಕಂಡಿತು. ಅವಳು ಬಗ್ಗಿ ನೋಡಿದಳು, ಕಾಗದ ಕಿತ್ತುಕೊಂಡು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಆಮೇಲೆ ನಗಲು ಶುರುಮಾಡಿದಳು. ಮಂಡಿ ನೋವಿನವಳು, ಕಣ್ಣೊರೆಸಿಕೊಂಡು ನಕ್ಕಳು.

"ಗೆರೆ ಹಿಂಬದೀಲಿ ಎಳೆದಿದ್ದೀಯಲ್ಲೇ. ಗುಡ್ಡಕ್ಕೆ ಎಡತೋಳಿರೋ ಕಡೆ ಬಲತೋಳು ಹೊಲಿದಿದ್ದೀಯ ನೀನು."

ಅಂಗಿಯ ಕಾಗದಕ್ಕೆ ಹಿಂದೆ ಮುಂದೆ ಎಂಬುದಿಲ್ಲ. ಹೀಗಿಟ್ಟರೆ ಎಡದ ತೋಳು, ಮಗುಚಿಟ್ಟರೆ ಬಲದ ತೋಳು. ಹೊಲಿಗೆಯವರು ಯಾರಾದರೂ ಹಾಗೇ ಮಾಡುತ್ತಾರೆ. ಗುಡ್ಡವನ್ನು ಹಾಗೆ ಮಗುಚಲು ಬರುವುದಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

ಮೂವರೂ ನಗುತ್ತಿದ್ದರು. ನಾನು ಬಸ್ಸು ಬರುವ ದಿಕ್ಕನ್ನು ನೋಡುತ್ತಾ ನಿಂತೆ. ಬಸ್ಸಿನಲ್ಲಿ ಟೀಚರ್ ಪಕ್ಕ ಜಾಗವಿತ್ತು. ಕುಳಿತುಕೊಳ್ಳಲಿಲ್ಲ. ಮನೆಗೆ ಬಂದಾಗ ಮಗ, ಇನ್ನು ಸಾಕಲ್ಲಮ್ಮಾ ಎಂದು ಮೆಲ್ಲಗೆ ಕೇಳಿದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಇನ್ನು ಉಳಿದಿರುವುದು ಒಂದೇ ಭಾನುವಾರ. ತಿಂಗಳು ಅಲ್ಲಿಗೆ ಮುಗಿಯುತ್ತದೆ.

ನವೆಂಬರ್ 20, ಬುಧವಾರ

ಸೊಸೆ ಎದುರು ಮಾತಾಡಿದಳು.

ಮಧ್ಯಾಹ್ನ ಅಂಗಡಿಯಲ್ಲಿ ಇಬ್ಬರೇ ಇದ್ದೆವು. ಅವಳು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು, ನಾನು ಮದುವೆಯೊಂದರ ಕೋಟಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದೆ. ತಲೆ ಎತ್ತದೆಯೇ ಕೇಳಿದಳು:

"ಅತ್ತೆ, ಹೊಸ ಗಿರಾಕಿ ಕೋಟಂದ್ರೆ ನೀವು ಒಂದೇ ಸಲಕ್ಕೆ ಪಕ್ಕಾ ಹೊಲಿಗೆ ಹಾಕಲ್ಲ. ಕಚ್ಚಾ ಹಾಕಿ, ಮೈಮೇಲಿಟ್ಟು ನೋಡಿ, ಸರಿಯಿಲ್ಲದಿದ್ರೆ ಬಿಚ್ತೀರಿ. ಗುಡ್ಡಕ್ಕೆ ಯಾಕೆ ಮೊದಲ್ನೇ ಸಲಾನೇ ಪಕ್ಕಾ ಹಾಕಕ್ಕೆ ಹೋದ್ರಿ?"

ಅವಳ ಕೆಲಸ ಅವಳು ನೋಡಿಕೊಳ್ಳಲಿ ಎಂದೆ. ನೋಡಿಕೊಂಡಳು. ಈ ಕಾಲದವರಿಗೆ ಹಿರಿಯರ ಮುಂದೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದಿಲ್ಲ.

ಬಿಳಿ ದಾರದ ದೊಡ್ಡ ಉಂಡೆಯೊಂದನ್ನು ಚೀಲಕ್ಕೆ ಹಾಕಿಟ್ಟಿದ್ದೇನೆ. ಬೇಕಾದೀತು.

ನವೆಂಬರ್ 22, ಶುಕ್ರವಾರ

ಟೀಚರ್ ಮನೆಗೆ ಹೋಗಿದ್ದೆ. ಅವಳ ಕಿಟಕಿಯ ಪರದೆಗಳ ಅಂಚು ಬಿಟ್ಟಿರುವುದನ್ನು ತೋರಿಸಿದೆ. ಅವಳು ಚಹಾ ಕೊಟ್ಟಳು. ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದಳು. ಪರದೆಯ ವಿಷಯ ಮುಗಿದ ಮೇಲೆ ಸೋಫಾದ ಹೊದಿಕೆಯ ವಿಷಯ ಮಾತಾಡಿದೆ. ಅದೂ ಮುಗಿಯಿತು. ಎದ್ದು ಚಪ್ಪಲಿ ಮೆಟ್ಟಿದೆ. ಗೇಟಿನವರೆಗೂ ಬಂದೆ.

ನನ್ನ ಜನ್ಮದಲ್ಲಿ ಯಾರನ್ನೂ ಜೊತೆಗೆ ಬಾ ಎಂದು ಬೇಡಿದವಳಲ್ಲ. ಬನ್ನಿ ಎಂದಿದ್ದೇನೆ, ಬಂದಿದ್ದಾರೆ. ಗೇಟಿನ ಚಿಲಕ ಹಿಡಿದುಕೊಂಡು ಹಿಂತಿರುಗಿ, ನಿನ್ನ ನಕ್ಷೆ ಹಳೆಯದೇನೂ ಅಲ್ಲ ಎಂದೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

"ಭಾನುವಾರ ಎಷ್ಟೊತ್ತಿಗೆ ಹೊರಡೋದು ಅದನ್ನ ಹೇಳು. ಮಂಡಿಗೆ ಪಟ್ಟಿ ಕಟ್ಕೋಬೇಕು."

ಬೆಳಕು ಹರಿಯುವ ಮೊದಲು ಎಂದೆ. ಉಳಿದ ಇಬ್ಬರಿಗೂ ಅವಳೇ ಹೇಳುತ್ತಾಳಂತೆ. ಪರದೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಅಂಚು ಹೊಲಿದುಕೊಡುತ್ತೇನೆ.

ನವೆಂಬರ್ 24, ಭಾನುವಾರ

ಹತ್ತಿದೆವು.

ಮೊದಲಿನಿಂದ ಬರೆಯುತ್ತೇನೆ. ಕಾಲು ಬಿಸಿನೀರಿನಲ್ಲಿದೆ, ಕೈಗೆ ಏನೂ ಆಗಿಲ್ಲ.

ಹೊರಟಾಗ ಮಂಜು. ಕಾಗದದ ಸರಿಯಾದ ಬದಿಯಲ್ಲಿ ಹೊಸದಾಗಿ ಗೆರೆ ಎಳೆದಿದ್ದೆ. ಬುಡದ ಕವಲಿನಲ್ಲಿ ಬಲಕ್ಕೆ ಹೋದರೆ, ಎಡಗಡೆ ತೊರೆ ಸದ್ದು ಮಾಡುತ್ತಾ ಕಾದಿತ್ತು. ಬೇಕರಿಯವಳು, ಬೇಸಿಗೆ ಮುಗಿಯಿತಾ ಅಕ್ಕ ಎಂದಳು. ನನಗೂ ನಗು ಬಂತು.

ಬಂಡೆ ದಾಟಿದ ಮೇಲೆ ಟೀಚರ್ ನಕ್ಷೆಯ ದಾರಿ ಇರಲಿಲ್ಲ. ಆ ಜಾಗದಲ್ಲಿ ಯಾರೋ ಗಿಡ ನೆಟ್ಟು ತಂತಿಬೇಲಿ ಹಾಕಿದ್ದಾರೆ. ಬೇಲಿಯ ಪಕ್ಕದಿಂದ ಮೂರು ಕಾಲುದಾರಿ ಮೂರು ಕಡೆ ಹೋಗುತ್ತವೆ. ಮಂಜಿನಲ್ಲಿ ತುದಿ ಎತ್ತ ಎಂದು ಕಾಣದು. ಮೂವರೂ ನನ್ನ ಮುಖ ನೋಡಿದರು. ನನಗೆ ಗೊತ್ತಿಲ್ಲ ಎಂದೆ. ಸುಲಭವಾಗಿಯೇ ಬಾಯಿಂದ ಬಂತು. ಚಳಿಗಿರಬೇಕು.

ದಾರದ ಉಂಡೆ ತೆಗೆದು ಕ್ರಮ ವಿವರಿಸಿದೆ. ಒಂದು ದಾರಿ ಹಿಡಿಯುವುದು, ಅಲ್ಲಲ್ಲಿ ಗಿಡಕ್ಕೆ ದಾರ ಕಟ್ಟುತ್ತಾ ಹೋಗುವುದು. ಇಬ್ಬರು ಹೋದರೆ ಇಬ್ಬರು ಕವಲಿನಲ್ಲೇ ನಿಂತಿರುವುದು, ಕೂಗಿಗೆ ಓಗೊಡುವುದು. ದಾರಿ ಕೆಟ್ಟರೆ ದಾರ ಬಿಚ್ಚಿಕೊಂಡು ವಾಪಸು. ಸರಿಯಾದರೆ ಮಾತ್ರ ಎಲ್ಲರೂ ಮುಂದೆ. ಕೂಗಲು ಬೇಕರಿಯವಳಿಗಿಂತ ಬೇಕೇ. ಅವಳ ಗಂಟಲಿಗೆ ಮಂಜು ಹೆದರಿ ಓಡುತ್ತದೆ ಎಂದಳು ನರ್ಸ್.

ನಡುವಿನ ದಾರಿಯೇ ಸರಿ ಎಂದು ನನಗೆ ಅನಿಸಿತು. ಟೀಚರ್ ಮತ್ತು ನಾನು ಹೋದೆವು. ಸ್ವಲ್ಪ ದೂರದಲ್ಲಿ ಗೋಡೆಯಂಥ ಬಂಡೆ ಎದುರಾಯಿತು. ಬರುತ್ತಾ ನಾನೇ ದಾರ ಬಿಚ್ಚಿದೆ. ಬಿಚ್ಚಲಿಕ್ಕೆಂದೇ ಹಾಕಿದ ಹೊಲಿಗೆ, ಬಿಚ್ಚಿದರೆ ಯಾವ ನಾಚಿಕೆ? ಆಮೇಲೆ ನರ್ಸ್ ಎಡದ್ದು ನೋಡೋಣವೆಂದು ಬೇಕರಿಯವಳ ಜೊತೆ ಹೋದಳು. ಅದು ಬೇಲಿಯನ್ನು ಸುತ್ತಿ ಬಂದು ನಮ್ಮನ್ನೇ ಮುಟ್ಟಿತು. ಅದನ್ನೂ ಬಿಚ್ಚಿದೆವು. ಯಾರೂ ಯಾರಿಗೂ ಏನೂ ಅನ್ನಲಿಲ್ಲ. ಮತ್ತೆ ಅವರಿಬ್ಬರೇ ಹಿಡಿದ ಬಲದ ದಾರಿ, ಎಲ್ಲಕ್ಕಿಂತ ಕಿರಿದಾದದ್ದು, ಮುಳ್ಳುಪೊದೆಯೊಳಗೆ ನುಸುಳಿ ಮೇಲೆ ಹತ್ತಿತು. ಹತ್ತುತ್ತಲೇ ಹೋಯಿತು. ಬೇಕರಿಯವಳ ಕೂಗು ಮೇಲಿನಿಂದ ಬಂದಾಗ ಟೀಚರ್ ತನ್ನ ಮಂಡಿಯನ್ನು ಮರೆತು ನಡೆದಳು.

ಮಂಜು ಕರಗಿತು. ತುದಿ ಬಂತೆಂದು ಹೆಜ್ಜೆ ಜೋರು ಮಾಡಿದೆ. ಆಗ ಕಿವಿಯಲ್ಲಿ ಗುಂಯ್ ಎಂದಿತು. ಹೋದ ತಿಂಗಳು ಮೇಜಿನ ಪಕ್ಕ ಆದದ್ದೂ ಹೀಗೇ ಶುರುವಾಗಿತ್ತು. ಅವತ್ತು ಯಾರಿಗೂ ಹೇಳದೆ ಕತ್ತರಿ ಹಿಡಿದುಕೊಂಡಿದ್ದೆ. ಇಂದು ನರ್ಸನ್ನು ಕರೆದು ಹೇಳಿದೆ. ಅವಳು ಕೂರಿಸಿ ನಾಡಿ ಹಿಡಿದಳು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದಳು. ಅವಸರದಲ್ಲಿ ಏನೂ ತಿಂದಿರಲಿಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ತಿನ್ನಿಸಿ, ನಾನು ಹೇಳುವವರೆಗೆ ಏಳಬಾರದು ಎಂದಳು. ನನ್ನ ಮೇಲೆ ದನಿ ಏರಿಸಿದವರು ಕಡಿಮೆ. ಕುಳಿತೆ. ಟೀಚರ್ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಿದ್ದಳು. ಬಿಡು ಎನ್ನಬೇಕೆಂದಿದ್ದೆ, ಅಷ್ಟರಲ್ಲಿ ನರ್ಸ್ ಏಳಿ ಎಂದಳು.

ಹತ್ತಿ ನೋಡಿದರೆ ಅದು ತುದಿಯೇ ಅಲ್ಲ. ನಮ್ಮ ಕಿಟಕಿಯಿಂದ ತುದಿಯಂತೆ ಕಾಣುವುದು ಒಂದು ದಿಣ್ಣೆ. ನಿಜವಾದ ತುದಿ ಅದರ ಬೆನ್ನ ಹಿಂದೆ, ಇನ್ನೂ ಮೇಲೆ, ಕಲ್ಲುಕಂಬ ನೆಟ್ಟುಕೊಂಡು ನಿಂತಿದೆ. ಬೇಕರಿಯವಳು ಅಲ್ಲೇ ಕುಸಿದು ಕುಳಿತಳು. ನಿನ್ನ ಮಗನಿಗೆ ಕಾಣುವುದು ಇದೇ ತಾನೇ, ಇಲ್ಲಿಂದಲೇ ಇಳಿದರೆ ಯಾರಿಗೆ ಗೊತ್ತಾಗುತ್ತೆ ಎಂದಳು ಟೀಚರ್. ಅವಳು ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು, ಕಣ್ಣಲ್ಲೇ ಗೊತ್ತಾಯಿತು.

"ನನಗೆ ಗೊತ್ತಾಗುತ್ತೆ," ಎಂದೆ. "ಆದರೆ ನಿಮ್ಮ ಕಾಲು ನಿಮ್ಮದು. ನೀವೇನಂತೀರಿ?"

ಮೊದಲು ಎದ್ದವಳು ಬೇಕರಿಯವಳು.

ಕಲ್ಲುಕಂಬ ನನ್ನ ಸೊಂಟದಷ್ಟು ಎತ್ತರ. ನಾಲ್ವರೂ ಒಟ್ಟಿಗೇ ಅದರ ಮೇಲೆ ಅಂಗೈ ಊರಿದೆವು. ಗಾಳಿ ಎಂದರೆ ಗಾಳಿ. ಕೆಳಗೆ ಊರು ಹೊಲಿದು ಮುಗಿಸಿದ ಬಟ್ಟೆಯ ಹಾಗೆ ಹರಡಿತ್ತು, ರಸ್ತೆಗಳು ಹೊಲಿಗೆಯಂತೆ ನೇರವಾಗಿದ್ದವು, ಕ್ವಾರಿಯೊಂದು ಮಾತ್ರ ಕಿತ್ತುಹೋದ ಜೇಬು. ಬೇಕರಿಯವಳು ಹಾಡಿದಳು. ನಾನೂ ದನಿಗೂಡಿಸಿದೆ. ಕೇಳುವವರು ಯಾರೂ ಇರಲಿಲ್ಲ.

ದಾರದ ಯೋಚನೆ ನಿನಗೆ ಯಾವಾಗ ಬಂತೇ ಎಂದು ಟೀಚರ್ ಕೇಳಿದಳು. ನಮ್ಮ ಹುಡುಗಿಯದು, ಸೊಸೆಯದು ಎಂದೆ.

ಇಳಿಯುವಾಗ ದಿಣ್ಣೆಯ ಮೇಲೆ ನಿಂತು, ಕೂರಲು ಹಾಸಿಕೊಳ್ಳುತ್ತಿದ್ದ ಕೆಂಪು ಲೈನಿಂಗ್ ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ಗಾಳಿಗೆ ಬಿಟ್ಟೆವು. ಬೇಕರಿಯವಳು ನನ್ನ ಮಗನಿಗೆ ಫೋನು ಮಾಡಿ ತಾರಸಿಗೆ ಹೋಗಿ ನೋಡು ಎಂದಳು. ಫೋನು ಬೇಕಿರಲಿಲ್ಲ, ಅವಳು ಹಾಗೇ ಕೂಗಿದ್ದರೂ ಆಗುತ್ತಿತ್ತು. ಅವಳು ಮಾತು ಮುಗಿಸುವ ಮೊದಲೇ ನಮ್ಮ ಅಂಗಡಿಯ ತಾರಸಿಯ ಮೇಲೆ ಬಿಳಿಯದೊಂದು ಎದ್ದು ಹಾರಾಡಿತು. ನಾನು ಫೋನು ತೆಗೆದುಕೊಂಡು, ಕಂಡಿತೇನೋ ಎಂದು ಮಗನನ್ನು ಕೇಳಿದೆ.

"ನಾನಿನ್ನೂ ಮೆಟ್ಟಿಲ ಮೇಲಿದ್ದೀನಮ್ಮ. ಅದು ಇವಳು. ಬೆಳಿಗ್ಗೆಯಿಂದ ತಾರಸೀಲೇ ನಿಂತಿದ್ದಾಳೆ."

ಶಾಲೆಯ ಅಂಗಿಗೆ ತರಿಸಿದ ಹೊಸ ಬಟ್ಟೆಯ ಥಾನು ಅದು. ಅದನ್ನು ಬಿಚ್ಚಿ ಧೂಳಿಗೆ ಹಿಡಿದದ್ದಕ್ಕೆ ಮನೆಗೆ ಹೋಗಿ ಚೆನ್ನಾಗಿ ಬೈಯಬೇಕೆಂದುಕೊಂಡೆ. ಮರೆತೆ.

ದಾರಗಳನ್ನೆಲ್ಲ ಬಿಚ್ಚಿಕೊಂಡೇ ಇಳಿದೆವು.

ನವೆಂಬರ್ 25, ಸೋಮವಾರ

ಮಗ ಮಾತು ಉಳಿಸಿಕೊಂಡ. ಕಟಿಂಗ್ ಮಾಸ್ಟರನ್ನು ತಾನೇ ಹೋಗಿ ಕಂಡು, ಬೇರೊಂದು ಅಂಗಡಿಯಲ್ಲಿ ಅವನಿಗೆ ಕೆಲಸ ಮಾತಾಡಿ ಬಂದಿದ್ದಾನೆ. ಬೀದಿಯಲ್ಲಿ ಅರ್ಧ ಜನ ಕೆಂಪು ಬಟ್ಟೆ ನೋಡಿದ್ದಾರೆ, ಉಳಿದರ್ಧ ಜನರಿಗೆ ಬೇಕರಿಯವಳು ಹೇಳಿದ್ದಾಳೆ. ಅಳತೆ ಕೊಡಲು ಬಂದ ಕಂಡಕ್ಟರ್ ಒಬ್ಬ ಎದ್ದು ನಿಂತು ಕೈಮುಗಿದ. ನೆಟ್ಟಗೆ ನಿಲ್ಲಪ್ಪಾ, ಭುಜದ ಅಳತೆ ತಪ್ಪುತ್ತೆ ಎಂದೆ.

ನಮ್ಮ ಯಜಮಾನರು, ಮುಂದೆ ಯಾವ ಗುಡ್ಡಕ್ಕೆ ತಿಳಿಸಬೇಕು ಎಂದು ಕೇಳಿದರು. ಟೀಚರ್ ನಕ್ಷೆಯಲ್ಲಿ ಇನ್ನೂ ಇವೆ ಎಂದೆ.

ಡಿಸೆಂಬರ್ 2, ಸೋಮವಾರ

ಶಾಲೆಯ ಅಂಗಿಗಳ ಕತ್ತರಿಸುವ ಕೆಲಸ ಇಂದು ಶುರು. ಮೇಜು ನನ್ನದೇ. ಅದರ ಬಗ್ಗೆ ಈಗ ಯಾರಿಗೂ ಅನುಮಾನವಿಲ್ಲ.

ಬೆಳಿಗ್ಗೆ ಮಗನನ್ನು ಕರೆದು ಮೇಜನ್ನು ಗೋಡೆಯಿಂದ ಈಚೆಗೆ ಎಳೆಸಿದೆ. ಹಿಂದೆ ಧೂಳು ತುಂಬಿತ್ತು, ಗುಡಿಸಲು ಬರುವುದಿಲ್ಲ. ಈಗ ಆ ಬದಿಯಲ್ಲೂ ಒಬ್ಬರು ನಿಲ್ಲುವಷ್ಟು ಜಾಗವಾಗಿದೆ. ಸೊಸೆ ಎಡಚಿ. ಗೋಡೆಗೆ ಅಂಟಿದ್ದ ಮೇಜಿನಲ್ಲಿ ಎಡಗೈಯವರಿಗೆ ಕತ್ತರಿ ಆಡುವುದಿಲ್ಲ. ಅದಕ್ಕೇ ಇಷ್ಟು ದಿನ ಅವಳನ್ನು ಕಾಜಾ ಹಾಕಲು ಕೂರಿಸಿದ್ದು, ಬೇರೆ ಕಾರಣವಿಲ್ಲ.

ಥಾನು ಬಿಚ್ಚಿ ಹಾಸಿ, ಗುರುತು ಹಾಕಿ, ಆ ಬದಿಯ ಮಡಿಕೆ ನೀನು ಕತ್ತರಿಸು ಎಂದೆ. ಅವಳು ನನ್ನ ಮುಖ ನೋಡಿದಳು.

"ತಪ್ಪಿದ್ರೆ ಅತ್ತೆ?"

"ಬಟ್ಟೆ ಇನ್ನೂ ಇದೆ," ಎಂದೆ.

ಕಿಟಕಿಯ ಬಳಿ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತೆ. ಹೊರಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಕತ್ತರಿ ಮೊದಲು ಒಂದು ಸಲ ತಡೆದು ನಿಂತಿತು, ಆಮೇಲೆ ನಡೆಯಿತು. ಇಷ್ಟು ಕಾಲ ಈ ಕೆಲಸ ಮಾಡಿದವಳಿಗೆ ಸದ್ದಿನಲ್ಲೇ ತಿಳಿಯುತ್ತದೆ, ಕೈ ನಡುಗುತ್ತಿದೆಯೋ ಇಲ್ಲವೋ. ನಡುಗುತ್ತಿರಲಿಲ್ಲ. ಬಟ್ಟೆಯ ಆ ತುದಿಯವರೆಗೂ ಒಂದೇ ಸಮನೆ ಹೋಯಿತು. ನಾನು ತಿರುಗಿ ನೋಡಲಿಲ್ಲ.